ಛೇದ ಸೊನ್ನೆಯಲ್ಲ ಎಂದು ಮೊದಲು ಬರೆಯಿರಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯ ಗುರುಗಳು ಫೋನ್ ಮಾಡಿ, "ಬೆಂಗಳೂರಿನಲ್ಲಿ ಏನು ಕೆಲಸ ಮಾಡುತ್ತಿ, ಅದನ್ನೇ ನಮ್ಮ ಮಂದಿಗೆ ತಿಳಿಯುವ ಹಾಗೆ ಹೇಳು" ಎಂದರು. ಇದೇ ಪ್ರಶ್ನೆಯನ್ನು ನಮ್ಮವ್ವ ಹತ್ತು ವರ್ಷಗಳಿಂದ ಕೇಳುತ್ತಿದ್ದಾಳೆ. ಒಮ್ಮೆ ಅವಳಿಗೆ, "ಮಂದಿ ಬರೆದ ಪ್ರೋಗ್ರಾಂನಾಗ ತಪ್ಪು ಹುಡುಕ್ತೀನವ್ವ" ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಮಂದಿ ತಪ್ಪು ಹುಡುಕಲಾಕ ಪಗಾರ ಬ್ಯಾರೆ ಕೊಡ್ತಾರೇನು?" ಎಂದಳು. ಕೊಡುತ್ತಾರೆ. ಯಾಕೆ ಕೊಡುತ್ತಾರೆ ಎಂಬುದನ್ನೇ ಇಂದು ಹೇಳುತ್ತೇನೆ.

ಮೊದಲು ನಮ್ಮ ಅಪ್ಪನ ಕೆಲಸದಿಂದ ಶುರು ಮಾಡುತ್ತೇನೆ. ಅಪ್ಪ ಇಲ್ಲೇ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಹಮಾಲಿ. ರಜೆಯ ದಿನ ಅವರಿಗೆ ಬುತ್ತಿ ಒಯ್ಯುತ್ತಿದ್ದೆ. ತೊಗರಿ ಚೀಲ ಬಿಚ್ಚಿ ಸುರಿದ ಕೂಡಲೇ ಕಾಳು ನೇರವಾಗಿ ಒಡೆಯುವ ಮಶೀನಿಗೆ ಹೋಗುವುದಿಲ್ಲ. ಮೊದಲು ಜರಡಿ. ಅಲ್ಲಿ ಕಡ್ಡಿ, ಹೊಟ್ಟು, ಮಣ್ಣು ಹೋಗುತ್ತವೆ. ಆಮೇಲೆ ಹರಳು ತೆಗೆಯುವ ಮಶೀನು. ಮಧ್ಯದಲ್ಲಿ ಒಂದು ಅಯಸ್ಕಾಂತ, ಮೊಳೆಯ ತುಂಡೋ ತಂತಿಯ ಚೂರೋ ಬಂದರೆ ಹಿಡಿಯಲಿಕ್ಕೆ. ಇಷ್ಟೆಲ್ಲ ಯಾಕೆ ಎಂದು ಕೇಳಿದ್ದಕ್ಕೆ ಅಪ್ಪ ಹೇಳಿದ ಮಾತು ಇವತ್ತಿಗೂ ನೆನಪಿದೆ: "ಮಶೀನಿಗೆ ಕಣ್ಣಿಲ್ಲ ತಮ್ಮ. ಹಾಕಿದ್ದೆಲ್ಲ ಒಳಗ ತೊಗೊಂತದ." ನಾನು ಮಾಡುವ ಕೆಲಸದ ಮುಕ್ಕಾಲು ಭಾಗ ಆ ಒಂದು ಮಾತಿನಲ್ಲೇ ಇದೆ. ಕಂಪ್ಯೂಟರಿಗೂ ಕಣ್ಣಿಲ್ಲ. ಒಳಗೆ ಬರುವುದನ್ನು ಬಾಗಿಲಲ್ಲೇ ತಪಾಸಣೆ ಮಾಡುವುದಕ್ಕೆ ನಮ್ಮ ಭಾಷೆಯಲ್ಲಿ ಇನ್‌ಪುಟ್ ವ್ಯಾಲಿಡೇಶನ್ ಎನ್ನುತ್ತೇವೆ. ಹೆಸರು ದೊಡ್ಡದು, ಕೆಲಸ ಜರಡಿಯದು.

ಇನ್ನೊಂದು ಶಬ್ದ ನೀವು ದಿನಾ ಕೇಳುತ್ತಿದ್ದೀರಿ: ಮಷಿನ್ ಲರ್ನಿಂಗ್. ನಮ್ಮ ಕಲಬುರಗಿಯ ಎಪಿಎಂಸಿಯಲ್ಲಿ ಹಳೆಯ ವ್ಯಾಪಾರಿ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ನೋಡಿ ದರ ಹೇಳುತ್ತಾನೆ. ಅವನಿಗೆ ಯಾರೂ ಸೂತ್ರ ಬರೆದುಕೊಟ್ಟಿಲ್ಲ. ಸಾವಿರಾರು ಚೀಲ ನೋಡಿ ನೋಡಿ ಕಲಿತದ್ದು. ಕಂಪ್ಯೂಟರಿಗೂ ಹಾಗೆಯೇ ಸಾವಿರಾರು ಉದಾಹರಣೆ ತೋರಿಸಿ ಕಲಿಸುವುದೇ ಮಷಿನ್ ಲರ್ನಿಂಗ್. ಕಲಿತದ್ದನ್ನು ಇಟ್ಟುಕೊಂಡ ಫೈಲಿಗೆ ಮಾಡೆಲ್ ಎನ್ನುತ್ತಾರೆ.

ಇದು ದೂರದ ಮಾತಲ್ಲ. 2017ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರವು ಮೈಕ್ರೋಸಾಫ್ಟ್ ಕಂಪನಿಯೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿತು. ಕರ್ನಾಟಕ ಕೃಷಿ ಬೆಲೆ ಆಯೋಗದ ಜೊತೆ ಸೇರಿ ಬೆಳೆಯ ಬೆಲೆಯನ್ನು ಮೊದಲೇ ಅಂದಾಜು ಮಾಡುವ ಮಾಡೆಲ್ ಕಟ್ಟುವುದು ಅದರ ಒಂದು ಕೆಲಸ. ಮೊದಲಿಗೆ ಆರಿಸಿಕೊಂಡ ಬೆಳೆ ಯಾವುದು ಗೊತ್ತೇ? ನಮ್ಮ ತೊಗರಿ. ಬಿತ್ತಿದ ಕ್ಷೇತ್ರ, ಉತ್ಪಾದನೆ, ಕೊಯ್ಲಿನ ಸಮಯ, ಹವಾಮಾನ ಇವುಗಳ ಅಂಕಿ ಕೊಟ್ಟರೆ ಮುಂದಿನ ಬೆಲೆಯ ಅಂದಾಜು ಹೇಳುವ ಯೋಜನೆ ಅದು. ಈ ಸಭೆಯಲ್ಲಿ ಕುಳಿತ ಅರ್ಧ ಮನೆಗಳ ವರ್ಷದ ಗಳಿಕೆ ಆ ಬೆಲೆಯ ಮೇಲೆ ನಿಂತಿದೆ. ಆದ್ದರಿಂದ ಇಂಥ ಯಂತ್ರದೊಳಗೆ ಏನು ಹೋಗುತ್ತದೆ, ಹೋಗುವ ಮುಂಚೆ ಯಾರು ನೋಡುತ್ತಾರೆ ಎಂದು ಕೇಳುವ ಹಕ್ಕು ನಮಗಿದೆ.

ಈಗ ಲೈಬ್ರರಿ ಎಂಬ ಮಾತು. ಮನೆ ಕಟ್ಟುವ ಮೇಸ್ತ್ರಿ ಇಟ್ಟಿಗೆಯನ್ನು ತಾನೇ ಸುಡುವುದಿಲ್ಲ, ಭಟ್ಟಿಯಿಂದ ತರುತ್ತಾನೆ. ಹಾಗೆಯೇ ನಮ್ಮಂಥವರು ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳ ಭಂಡಾರದಿಂದ ತೆಗೆದು ಜೋಡಿಸುತ್ತೇವೆ. ಆ ಭಂಡಾರವೇ ಲೈಬ್ರರಿ. ಮಷಿನ್ ಲರ್ನಿಂಗಿನಲ್ಲಿ ಎರಡು ಬಹಳ ಹೆಸರಾದವು. ಒಂದು ಗೂಗಲ್ 2015ರ ನವೆಂಬರ್‌ನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟ ಟೆನ್ಸರ್‌ಫ್ಲೋ. ಇನ್ನೊಂದು ಫೇಸ್‌ಬುಕ್ಕಿನವರು ಆರಂಭಿಸಿದ ಪೈಟಾರ್ಚ್. ಭಟ್ಟಿಯಲ್ಲಿ ಇಟ್ಟಿಗೆ ಸರಿಯಾಗಿ ಬೇಯದಿದ್ದರೆ ಎಷ್ಟು ಮನೆಗೆ ಹೋಯಿತೋ ಅಷ್ಟೂ ಮನೆಗೆ ಅಪಾಯ. ಲೈಬ್ರರಿಯಲ್ಲಿ ಒಂದು ತಪ್ಪಿದ್ದರೆ ಅದನ್ನು ಬಳಸಿದ ಎಲ್ಲ ಕಡೆ ಆ ತಪ್ಪು ಇರುತ್ತದೆ.

ಅಂಥ ತಪ್ಪುಗಳಲ್ಲಿ ಮೂರು ಬಗೆ ಹೇಳುತ್ತೇನೆ. ಮೂರಕ್ಕೂ ಬೇರು ಒಂದೇ: ಬಂದದ್ದನ್ನು ನೋಡದೆ ಒಳಗೆ ಬಿಟ್ಟದ್ದು.

ಮೊದಲನೆಯದು ನಿಂತುಹೋಗುವುದು. ಒಂಬತ್ತನೆಯ ಮಕ್ಕಳೇ, ಭಾಗಲಬ್ಧ ಸಂಖ್ಯೆ ಎಂದರೇನು? ಪಿ ಭಾಗಿಸು ಕ್ಯೂ ರೂಪದಲ್ಲಿ ಬರೆಯಬಹುದಾದದ್ದು, ಆದರೆ ಕ್ಯೂ ಸೊನ್ನೆಯಾಗಿರಬಾರದು. ಟೆನ್ಸರ್‌ಫ್ಲೋದಲ್ಲಿ ಚಿತ್ರ, ವಿಡಿಯೋಗಳನ್ನು ಅರಿಯಲು ಬಳಸುವ ಕಾನ್ವ್‌3ಡಿ ಎಂಬ ಒಂದು ಲೆಕ್ಕವಿದೆ. ಅದಕ್ಕೆ ಕೊಡುವ ಅಳತೆಗಳಲ್ಲಿ ಐದನೆಯ ಅಂಕಿಯಿಂದ ಒಳಗೆ ಭಾಗಿಸುತ್ತಿದ್ದರು. ಆ ಅಂಕಿ ಹೊರಗಿನವರು ಕೊಡುವಂಥದ್ದು. ಯಾರಾದರೂ ಅಲ್ಲಿ ಸೊನ್ನೆ ಕೊಟ್ಟರೆ? ಇಡೀ ಪ್ರೋಗ್ರಾಂ ಕುಸಿದು ಬೀಳುತ್ತಿತ್ತು. 2021ರಲ್ಲಿ ಇದನ್ನು ಪ್ರಕಟಿಸಿ 2.5.0 ಆವೃತ್ತಿಯಲ್ಲಿ ಸರಿಪಡಿಸಿದರು. ಅದೊಂದೇ ಅಲ್ಲ, ಆ ವರ್ಷ ಸೊನ್ನೆಯಿಂದ ಭಾಗಿಸುವ ಇಂಥ ಹಲವು ತಪ್ಪುಗಳು ಅದೇ ಲೈಬ್ರರಿಯ ಬೇರೆ ಬೇರೆ ಲೆಕ್ಕಗಳಲ್ಲಿ ಸಿಕ್ಕವು. ಜಗತ್ತಿನ ದೊಡ್ಡ ದೊಡ್ಡ ಎಂಜಿನಿಯರುಗಳು ಬರೆದದ್ದರಲ್ಲಿ ನಮ್ಮ ಒಂಬತ್ತನೆಯ ತರಗತಿಯ ತಪ್ಪು!

ಎರಡನೆಯದು ಓದಬಾರದ್ದನ್ನು ಓದುವುದು. ಹಾಜರಿ ಪುಸ್ತಕ ಕೈಗೆ ಕೊಟ್ಟು, "ಹತ್ತು ಹೆಸರು ಓದು" ಎಂದು ಗುರುಗಳು ಮಾನಿಟರ್‌ಗೆ ಹೇಳಿದರು ಅನ್ನಿ. ಆ ಪುಟದಲ್ಲಿ ಐದೇ ಹೆಸರಿವೆ. ಬುದ್ಧಿವಂತ ಹುಡುಗ, "ಸರ್, ಐದೇ ಇವೆ" ಎನ್ನುತ್ತಾನೆ. ಕಂಪ್ಯೂಟರ್ ಹಾಗೆ ಅನ್ನುವುದಿಲ್ಲ. ಪುಟ ತಿರುವಿ ಗುರುಗಳು ಹಿಂದೆ ಬರೆದಿಟ್ಟುಕೊಂಡ ಖಾಸಗಿ ಟಿಪ್ಪಣಿಯನ್ನೂ ಹತ್ತು ತುಂಬುವವರೆಗೆ ಗಟ್ಟಿಯಾಗಿ ಓದಿಬಿಡುತ್ತದೆ. ಟೆನ್ಸರ್‌ಫ್ಲೋದಲ್ಲಿ ಪದಗಳನ್ನು ತುಂಡು ತುಂಡಾಗಿ ಜೋಡಿಸುವ ಸ್ಟ್ರಿಂಗ್‌ಎನ್‌ಗ್ರಾಮ್ಸ್ ಎಂಬ ಕೆಲಸದಲ್ಲಿ ಇದೇ ಆಯಿತು. ಎಲ್ಲಿಂದ ಎಲ್ಲಿಗೆ ಓದಬೇಕು ಎಂಬ ಗಡಿಯನ್ನು ಬಳಸುವವನು ಕೊಡುತ್ತಾನೆ. ಆ ಗಡಿ ನಿಜವಾದ ಅಳತೆಯೊಳಗೆ ಇದೆಯೇ ಎಂದು ಯಾರೂ ನೋಡುತ್ತಿರಲಿಲ್ಲ. ಹಾಗಾಗಿ ಕಂಪ್ಯೂಟರಿನ ಸ್ಮರಣೆಯಲ್ಲಿದ್ದ ಬೇರೆ ಮಾಹಿತಿ ಉತ್ತರದಲ್ಲಿ ಸೇರಿ ಹೊರಬರಬಹುದಿತ್ತು. 2020ರಲ್ಲಿ ಅದನ್ನು ಸರಿಪಡಿಸಿದರು. 2014ರ ಏಪ್ರಿಲ್‌ನಲ್ಲಿ ಜಗತ್ತನ್ನೇ ನಡುಗಿಸಿದ ಹಾರ್ಟ್‌ಬ್ಲೀಡ್ ಎಂಬ ದೋಷವೂ ಇದೇ ಜಾತಿಯದು. ಅದು ಮಷಿನ್ ಲರ್ನಿಂಗಿನದಲ್ಲ, ವೆಬ್‌ಸೈಟುಗಳ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯದು. ಕೇಳಿದವನು ಹೇಳಿದ ಉದ್ದವನ್ನು ನಂಬಿ, ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಒಳಗಿನದನ್ನು ಕೊಟ್ಟುಬಿಡುತ್ತಿತ್ತು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ನೀವು ಬೀಜದ ಚೀಲ ತಂದಿರಿ. ಚೀಲದೊಳಗೆ ಒಂದು ಚೀಟಿ: "ಗೋದಾಮಿನ ಕೀಲಿ ತೆಗೆದು ಹೊರಗಿನವನಿಗೆ ಕೊಡು." ನಿಮ್ಮ ಆಳು ಚೀಟಿ ಓದಿ, ಹಿಂದೆ ಮುಂದೆ ನೋಡದೆ ಹಾಗೆಯೇ ಮಾಡಿದ. ಮಾಡೆಲ್ ಫೈಲುಗಳಲ್ಲಿ ಹೀಗಾಗುತ್ತದೆ. ಒಬ್ಬರು ಕಲಿಸಿಟ್ಟ ಮಾಡೆಲನ್ನು ಇನ್ನೊಬ್ಬರು ಇಂಟರ್ನೆಟ್‌ನಿಂದ ಇಳಿಸಿಕೊಂಡು ಬಳಸುವುದು ಈಗ ಸಾಮಾನ್ಯ. ಅದರಲ್ಲಿ ಇರಬೇಕಾದದ್ದು ಅಂಕಿಗಳು. ಆದರೆ ಕೆಲವು ಬಗೆಯ ಫೈಲುಗಳಲ್ಲಿ ಅಂಕಿಗಳ ಜೊತೆ ಆಜ್ಞೆಗಳನ್ನೂ ಅಡಗಿಸಿಡಬಹುದು. ಫೈಲು ತೆರೆದ ಕೂಡಲೇ ಆ ಆಜ್ಞೆ ನಡೆದುಬಿಡುತ್ತದೆ. ಟೆನ್ಸರ್‌ಫ್ಲೋ ಮತ್ತು ಅದರ ಜೊತೆಗಿನ ಕೆರಾಸ್‌ನಲ್ಲಿ ಮಾಡೆಲನ್ನು ಯಾಮಲ್ ಎಂಬ ರೂಪದಲ್ಲಿ ಇಟ್ಟು ತೆರೆಯುವ ಸೌಲಭ್ಯವಿತ್ತು. ಅದು ಇಂಥ ಆಜ್ಞೆಗಳನ್ನು ತಡೆಯುತ್ತಿರಲಿಲ್ಲ. 2021ರಲ್ಲಿ ಇದು ಸಿವಿಇ-2021-37678 ಎಂಬ ಸಂಖ್ಯೆಯೊಂದಿಗೆ ಪ್ರಕಟವಾಯಿತು. ಸಿವಿಇ ಎಂದರೆ ಸಾಫ್ಟ್‌ವೇರ್ ದೋಷಗಳಿಗೆ 1999ರಿಂದ ಕೊಡುತ್ತಿರುವ ದಾಖಲೆ ಸಂಖ್ಯೆ, ಪಹಣಿಗೆ ಸರ್ವೆ ನಂಬರ್ ಇದ್ದಂತೆ. ಅವರು ಅದಕ್ಕೆ ಕಂಡುಕೊಂಡ ಪರಿಹಾರವೆಂದರೆ ಆ ಬಾಗಿಲನ್ನೇ ಮುಚ್ಚಿದ್ದು. ಯಾಮಲ್ ಸೌಲಭ್ಯವನ್ನು ತೆಗೆದೇಹಾಕಿದರು.

ಕಾವಲುಗಾರನನ್ನು ಇಟ್ಟರೂ ಸಾಲದು ಎಂಬುದಕ್ಕೆ ಪೈಟಾರ್ಚ್‌ನ ಕಥೆ ಇದೆ. ಫೈಲು ತೆರೆಯುವಾಗ ಅಂಕಿಗಳನ್ನು ಮಾತ್ರ ತೆಗೆದುಕೋ, ಬೇರೇನೂ ಬೇಡ ಎಂದು ಹೇಳುವ ಒಂದು ಗುಂಡಿ ಅದರಲ್ಲಿತ್ತು. ಅದನ್ನು ಒತ್ತಿದರೆ ಸುರಕ್ಷಿತ ಎಂದು ಎಲ್ಲರೂ ನಂಬಿದ್ದೆವು. 2025ರ ಏಪ್ರಿಲ್‌ನಲ್ಲಿ, 2.5.1 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಆ ಗುಂಡಿ ಒತ್ತಿದ್ದರೂ ಕೆಟ್ಟ ಫೈಲು ತನ್ನ ಆಜ್ಞೆ ನಡೆಸಬಹುದು ಎಂದು ತಿಳಿಯಿತು. 2.6.0 ಆವೃತ್ತಿಯಲ್ಲಿ ಅದು ಸರಿಯಾಗಿದೆ. ಜರಡಿ ಇದ್ದರೆ ಸಾಲದು, ಜರಡಿಯಲ್ಲಿ ತೂತು ಬಿದ್ದಿದೆಯೇ ಎಂದೂ ಆಗಾಗ ನೋಡುತ್ತಿರಬೇಕು.

ಇಷ್ಟು ಬುದ್ಧಿವಂತರು ಇಷ್ಟು ಸಣ್ಣ ತಪಾಸಣೆಯನ್ನು ಯಾಕೆ ಬಿಟ್ಟರು ಎಂದು ನೀವು ಕೇಳಬಹುದು. ಈ ಲೈಬ್ರರಿಗಳಿಗೆ ಎರಡು ಪದರ. ಹೊರಗಿನದು ಪೈಥಾನ್ ಭಾಷೆಯಲ್ಲಿ, ನಮ್ಮಂಥವರು ಬಳಸಲು ಸುಲಭ. ಒಳಗಿನದು ಸಿ++ ಭಾಷೆಯಲ್ಲಿ, ಬಹಳ ವೇಗ. ಹೊರಗಿನವರು ನೋಡಿಯೇ ಕಳಿಸುತ್ತಾರೆ ಎಂದು ಒಳಗಿನದನ್ನು ಬರೆದವರು ಅಂದುಕೊಂಡರು. ಒಳಗೆ ಹೇಗೂ ನೋಡುತ್ತಾರೆ ಎಂದು ಹೊರಗಿನವರು ಅಂದುಕೊಂಡರು. ಮದುವೆ ಮನೆಯಲ್ಲಿ ಉಪ್ಪು ನೀನು ಹಾಕಿದ್ದಿ ಅಂತ ಅವನು, ಅವನು ಹಾಕಿದ್ದಾನೆ ಅಂತ ಇವನು. ಕೊನೆಗೆ ಸಾರು ಸಪ್ಪೆ.

ಹೀಗೆ ಹೇಳಿ ಬೇರೆಯವರ ಕಡೆ ಬೆರಳು ತೋರಿಸಿ ಹೋಗುವುದು ಸರಿಯಲ್ಲ. ನಾನೂ ಮಾಡಿದ್ದೇನೆ. ಆ ಮಾತು ಹೇಳಲಿಕ್ಕೇ ಇಂದು ಬಂದದ್ದು.

ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಬೆಳೆಯ ಎಲೆಯ ಫೋಟೋ ಕಳಿಸಿದರೆ ರೋಗ ಯಾವುದು ಎಂದು ಹೇಳುವ ಸೇವೆ ಕಟ್ಟಿದ್ದೆವು. ಫೋಟೋ ತೆಗೆದುಕೊಂಡು ಮಾಡೆಲ್‌ಗೆ ಕೊಡುವ ಭಾಗ ಬರೆದವನು ನಾನು. ಒಂದು ರಾತ್ರಿ ಇಡೀ ಸೇವೆ ನಿಂತುಹೋಯಿತು. ಬೆಳಗಿನ ತನಕ ಯಾವ ರೈತನಿಗೂ ಉತ್ತರವಿಲ್ಲ. ಹುಡುಕಿದಾಗ ಕಂಡದ್ದು ಇಷ್ಟು: ಯಾರೋ ಒಬ್ಬರ ಫೋಟೋ ನೆಟ್‌ವರ್ಕ್ ಸಿಗದೆ ಅರ್ಧಕ್ಕೆ ನಿಂತು, ಖಾಲಿ ಫೈಲಾಗಿ ಬಂದಿತ್ತು. ಖಾಲಿ ಚಿತ್ರದ ಎತ್ತರ ಎಷ್ಟು? ಸೊನ್ನೆ. ಅಗಲವನ್ನು ಎತ್ತರದಿಂದ ಭಾಗಿಸುವ ಸಾಲು ನನ್ನದು. ಬಂದದ್ದನ್ನು ಲೈಬ್ರರಿ ನೋಡಿಕೊಳ್ಳುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಕಾಳು ಲೈಬ್ರರಿಯನ್ನು ಮುಟ್ಟುವ ಮುಂಚೆಯೇ ನನ್ನ ಕೈಯಲ್ಲೇ ಮಶೀನು ನಿಂತಿತ್ತು.

ವರದಿಯಲ್ಲಿ ನಾನು ಏನು ಬರೆದೆ ಗೊತ್ತೇ? "ಬಳಕೆದಾರ ತಪ್ಪು ಫೈಲು ಕಳಿಸಿದ್ದರಿಂದ ಸೇವೆ ನಿಂತಿತು." ನಮ್ಮ ತಂಡದ ಹಿರಿಯ ಮೇಡಂ ಅದನ್ನು ಓದಿ, ಸಿಟ್ಟಾಗದೆ ಒಂದೇ ಪ್ರಶ್ನೆ ಕೇಳಿದರು: "ಸೊನ್ನೆ ಬಂದರೆ ಏನು ಮಾಡಬೇಕು ಅಂತ ನೀವು ಎಲ್ಲಿ ಬರೆದಿದ್ದೀರಿ?" ನನಗೆ ಉತ್ತರವಿರಲಿಲ್ಲ.

ಆಗ ನನಗೆ ಈ ಶಾಲೆ ನೆನಪಾಯಿತು. ಒಂಬತ್ತನೆಯ ತರಗತಿಯ ಗಣಿತ ಪರೀಕ್ಷೆ. ಉತ್ತರ ಸರಿ ಬಂದಿತ್ತು. ಆದರೂ ಸರ್ ಅರ್ಧ ಅಂಕ ಕಡಿಮೆ ಮಾಡಿದ್ದರು. ಕೇಳಲು ಹೋದೆ. "ಭಾಗಿಸೋಕ್ಕಿಂತ ಮೊದಲು ಛೇದ ಸೊನ್ನೆಯಲ್ಲ ಅಂತ ಬರೆದಿಯೇನು?" ಎಂದರು. "ಅದು ಗೊತ್ತೇ ಇರ್ತದಲ್ರಿ ಸರ್" ಎಂದೆ. "ನಿನಗ ಗೊತ್ತದ. ಮುಂದ ನಿನ್ನ ಲೆಕ್ಕ ಓದುವವನಿಗೆ ಹೆಂಗ ಗೊತ್ತಾಗಬೇಕು?" ಎಂದರು. ಆ ಅರ್ಧ ಅಂಕಕ್ಕಾಗಿ ಒಂದು ವಾರ ಅವರ ಮೇಲೆ ಮುನಿಸಿಕೊಂಡಿದ್ದೆ. ಅದರ ಅರ್ಥ ತಿಳಿಯಲು ಇಷ್ಟು ವರ್ಷ ಬೇಕಾಯಿತು. ಅಂದು ಸಂಜೆ ವರದಿ ತಿದ್ದಿದೆ: "ಖಾಲಿ ಚಿತ್ರ ಬರಬಹುದು ಎಂದು ನಾನು ಯೋಚಿಸಲಿಲ್ಲ. ತಪಾಸಣೆ ಬರೆಯದಿದ್ದದ್ದು ನನ್ನ ತಪ್ಪು." ಸರಿಪಡಿಸಲು ಬೇಕಾದದ್ದು ಮೂರೇ ಸಾಲು. ಟೆನ್ಸರ್‌ಫ್ಲೋದವರು ಸೊನ್ನೆಯ ತಪ್ಪುಗಳನ್ನು ತಿದ್ದಿದ್ದೂ ಬಹುಮಟ್ಟಿಗೆ ಇಂಥ ಕೆಲವೇ ಸಾಲುಗಳಿಂದ: ಅಳತೆ ಸೊನ್ನೆಯಾಗಿದ್ದರೆ ಮುಂದೆ ಹೋಗಬೇಡ, ಈ ಅಳತೆ ನಡೆಯದು ಎಂದು ತಿಳಿಸು.

ಆ ಫೋಟೋ ಕಳಿಸಿದವರು ಯಾರೋ ನನಗೆ ಗೊತ್ತಿಲ್ಲ. ನೆಟ್‌ವರ್ಕ್ ಇಲ್ಲದ ಯಾವುದೋ ಹೊಲದಲ್ಲಿ ನಿಂತು ಕಳಿಸಿದವರು. ಅವರು ನಮ್ಮ ಕಮಲಾಪುರ ಕಡೆಯವರೂ ಆಗಿರಬಹುದು. ಅವರನ್ನು ತಪ್ಪುಗಾರರೆಂದು ನಾನು ಕಾಗದದ ಮೇಲೆ ಬರೆದಿದ್ದೆ.

ಇದಕ್ಕೇ ನಮ್ಮಂಥವರಿಗೆ ಪಗಾರ. ಬರಬಾರದ್ದನ್ನು ಬೇಕೆಂದೇ ಕೊಟ್ಟು ನೋಡುವುದು ನಮ್ಮ ಕೆಲಸ: ಸೊನ್ನೆ, ಋಣ ಸಂಖ್ಯೆ, ಖಾಲಿ ಫೈಲು, ಹದಿನೈದು ಅಂಕಿಯ ವಯಸ್ಸು. ಈ ವಿದ್ಯೆ ಹುಟ್ಟಿದ್ದು ಒಂದು ಮಳೆಯ ರಾತ್ರಿ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಎಂಬ ಪ್ರಾಧ್ಯಾಪಕರು ಮನೆಯಿಂದ ಟೆಲಿಫೋನ್ ತಂತಿಯ ಮೂಲಕ ಕಂಪ್ಯೂಟರ್ ಬಳಸುತ್ತಿದ್ದಾಗ ಗುಡುಗು ಮಳೆಗೆ ತಂತಿಯಲ್ಲಿ ಗದ್ದಲವೆದ್ದು, ಅವರು ಒತ್ತದ ಅಕ್ಷರಗಳೆಲ್ಲ ಸೇರಿಕೊಳ್ಳುತ್ತಿದ್ದವು. ಅದರಿಂದ ಒಳ್ಳೆಯ ಪ್ರೋಗ್ರಾಂಗಳೂ ಕುಸಿದು ಬೀಳುವುದನ್ನು ಕಂಡು ಅವರಿಗೆ ಅಚ್ಚರಿ. ಬೇಕೆಂದೇ ಅಡ್ಡಾದಿಡ್ಡಿ ಅಕ್ಷರ ಕೊಟ್ಟು ಪರೀಕ್ಷಿಸುವ ಕೆಲಸವನ್ನು ತಮ್ಮ ವಿದ್ಯಾರ್ಥಿಗಳಿಗೆ ವಹಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪರೀಕ್ಷಿಸಿದ ಯುನಿಕ್ಸ್ ಪ್ರೋಗ್ರಾಂಗಳಲ್ಲಿ ನಾಲ್ಕರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಕುಸಿದಿದ್ದವು. ಈ ಪರೀಕ್ಷೆಗೆ ಫಝಿಂಗ್ ಎಂದು ಹೆಸರು. ಇಂದಿನ ಮಷಿನ್ ಲರ್ನಿಂಗ್ ಲೈಬ್ರರಿಗಳಲ್ಲಿ ದೋಷ ಹುಡುಕಲು ಇದನ್ನೂ ಬಳಸುತ್ತಾರೆ. ಮಕ್ಕಳೇ, ಅದನ್ನು ಮೊದಲು ಮಾಡಿ ತೋರಿಸಿದವರು ವಿದ್ಯಾರ್ಥಿಗಳು ಎಂಬುದನ್ನು ನೆನಪಿಡಿ.

ಆದರೆ ಒಂದು ಎಚ್ಚರಿಕೆ. ಲೈಬ್ರರಿಯ ಜರಡಿ ಹಿಡಿಯುವುದು ಆಕಾರದ ತಪ್ಪನ್ನು ಮಾತ್ರ, ಅರ್ಥದ ತಪ್ಪನ್ನಲ್ಲ. ತೊಗರಿ ಬೆಲೆಯ ಅಂದಾಜಿನ ಮಾತು ಹೇಳಿದೆನಲ್ಲ, ಅಂಥ ಯಾವುದೇ ಲೆಕ್ಕಕ್ಕೆ ಬಿತ್ತನೆಯ ಕ್ಷೇತ್ರವನ್ನು ಹೆಕ್ಟೇರಿನಲ್ಲಿ ಕೊಡಬೇಕಾದಲ್ಲಿ ಯಾರಾದರೂ ಎಕರೆಯಲ್ಲಿ ತುಂಬಿದರು ಅನ್ನಿ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಪ್ರೋಗ್ರಾಂ ಕುಸಿಯುವುದಿಲ್ಲ, ಕೆಂಪು ಅಕ್ಷರ ಬರುವುದಿಲ್ಲ. ಬೆಳೆ ಎರಡೂವರೆ ಪಟ್ಟು ಇದೆ ಎಂದು ತಿಳಿದು ಶಾಂತವಾಗಿ ತಪ್ಪು ಬೆಲೆ ಹೇಳುತ್ತದೆ. ಆ ತಪ್ಪನ್ನು ಹಿಡಿಯಲು ಅಮೆರಿಕದ ಎಂಜಿನಿಯರಿಗೆ ಆಗದು. "ಈ ಹೋಬಳಿಯೊಳಗ ಅಷ್ಟು ತೊಗರಿ ಇಲ್ಲವೇ ಇಲ್ಲ" ಎಂದು ಹೇಳಬಲ್ಲವರು ನೀವು. ಅದಕ್ಕೇ ನಮ್ಮ ಊರಿನ ಮಕ್ಕಳು ಈ ವಿದ್ಯೆಗೆ ಬರಬೇಕು. ಹೊಲ ಗೊತ್ತಿದ್ದವರೂ ಲೆಕ್ಕ ಗೊತ್ತಿದ್ದವರೂ ಒಬ್ಬರೇ ಆದಾಗ ಜರಡಿ ಗಟ್ಟಿಯಾಗುತ್ತದೆ.

ತಪಾಸಣೆ ಎಂದರೆ ಬಾಗಿಲು ಹಾಕುವುದು ಎಂದೂ ತಿಳಿಯಬಾರದು. ಅರ್ಜಿ ಹಿಡಿದು ಕೌಂಟರಿನ ಮುಂದೆ ನಿಂತಾಗ ಪರದೆಯ ಮೇಲೆ "ಅಮಾನ್ಯ" ಎಂದು ಬಂದು, ಯಾಕೆ ಎಂದು ಹೇಳುವವರಿಲ್ಲದೆ ತಿರುಗಿ ಬಂದ ಅನುಭವ ಇಲ್ಲಿ ಬಹಳ ಮಂದಿಗಿದೆ. ಒಳ್ಳೆಯ ತಪಾಸಣೆ ಕಾರಣ ಹೇಳುತ್ತದೆ: "ಫೋಟೋ ಪೂರ್ತಿ ಬಂದಿಲ್ಲ, ಇನ್ನೊಮ್ಮೆ ಕಳಿಸಿರಿ." ನಾನು ತಿದ್ದಿದ ಮೂರು ಸಾಲಿನಲ್ಲಿ ಒಂದು ಸಾಲು ಅದೇ, ಕನ್ನಡದಲ್ಲಿ.

ಕೊನೆಯದಾಗಿ ಮಕ್ಕಳಿಗೆ ಮೂರು ಮಾತು. ನಿಮ್ಮ ಪ್ರೋಗ್ರಾಂ ಸರಿಯಾದದ್ದಕ್ಕೆ ಸರಿ ಉತ್ತರ ಕೊಟ್ಟ ಮೇಲೆ ಕೆಲಸ ಮುಗಿಯಿತು ಎನ್ನಬೇಡಿ, ತಪ್ಪಾದದ್ದು ಕೊಟ್ಟು ನೋಡಿ. ಗೊತ್ತಿಲ್ಲದವರು ಕಳಿಸಿದ ಫೈಲನ್ನು, ಅದು ಮಾಡೆಲ್ ಇರಲಿ ಮದುವೆಯ ಕರೆಯೋಲೆ ಇರಲಿ, ಥಟ್ಟನೆ ತೆರೆಯಬೇಡಿ. ಬಳಸುವ ಸಾಫ್ಟ್‌ವೇರನ್ನು ಹೊಸ ಆವೃತ್ತಿಗೆ ಏರಿಸುತ್ತಿರಿ, ಯಾಕೆಂದರೆ ದೋಷ ಪ್ರಕಟವಾದ ದಿನ ಅದು ಕಳ್ಳನಿಗೂ ಗೊತ್ತಾಗಿರುತ್ತದೆ.

ನನ್ನ ಗಣಿತದ ಸರ್ ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಸರ್, ಅಂದು ಕಡಿಮೆ ಮಾಡಿದ ಅರ್ಧ ಅಂಕ ಕೇಳಲು ನಾನು ಬಂದಿಲ್ಲ. ಈಗ ನನ್ನ ಕೈ ಕೆಳಗೆ ಕೆಲಸ ಕಲಿಯುವ ಹುಡುಗರ ಪ್ರೋಗ್ರಾಂನಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ನಾನೂ ಅರ್ಧ ಅಂಕ ಕಡಿಮೆ ಮಾಡುತ್ತೇನೆ ಎಂದು ಹೇಳಲಿಕ್ಕೆ ಬಂದೆ. ಅವರೂ ಒಂದು ವಾರ ಮುನಿಸಿಕೊಳ್ಳುತ್ತಾರೆ.

ನಮ್ಮ ಶಾಲೆಗೆ ಐವತ್ತು ತುಂಬಿದೆ. ಇಲ್ಲಿ ಕಲಿತವರು ಎಲ್ಲೆಲ್ಲೋ ಏನೇನೋ ಕಟ್ಟುತ್ತಿದ್ದೇವೆ. ಕಟ್ಟಿದ್ದು ಗಟ್ಟಿಯಾಗಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.